ಹೊರಬೀಡಿನ ಮಂಗಳವಾರ

ದುರ್ಗವ್ವ ಕಾಗದವನ್ನು ಒಮ್ಮೆ ನೋಡಿದಳು, ತಿರುಗಿಸಿ ಇನ್ನೊಮ್ಮೆ ನೋಡಿದಳು, ಆಮೇಲೆ ಬೂದಿ ಮೆತ್ತಿದ ಕೈಯ ಹಿಂಬದಿಯಿಂದ ಅದನ್ನು ಸಬ್ ಇನ್ಸ್‌ಪೆಕ್ಟರ್ ಅನ್ನಪೂರ್ಣಾಳ ಕಡೆಗೇ ಸರಿಸಿದಳು.

"ಈ ಹೆಬ್ಬಟ್ಟು ನಮ್ಮತ್ತೀದಲ್ರಿ."

ಅನ್ನಪೂರ್ಣಾಳಿಗೆ ಬೆಳಗಿನಿಂದಲೇ ತಲೆ ಕಾದಿತ್ತು. ಹೆಬ್ಬೆಟ್ಟು ನೋಡಿ ಇದು ಇಂಥವರದು ಎಂದು ಹೇಳಲು ಲ್ಯಾಬಿನವರಿಗೇ ವಾರಗಟ್ಟಲೆ ಬೇಕು, ನೀನು ಹೇಗೆ ಒಂದೇ ನೋಟಕ್ಕೆ ಹೇಳುತ್ತೀ ಎಂದು ಸಿಡುಕಿದಳು.

ದುರ್ಗವ್ವ ಸಿಟ್ಟಾಗಲಿಲ್ಲ. ತಿಕ್ಕುತ್ತಿದ್ದ ಪಾತ್ರೆಯನ್ನು ಬದಿಗಿಟ್ಟು, ತನ್ನ ಅತ್ತೆ ಕಾಶೆವ್ವನಿಗೆ ಸಹಿ ಮಾಡಲು ಬರುತ್ತಿತ್ತು ಎಂದಳು. ಹಿಂದೆ ಓಣಿಯಲ್ಲಿ ಸಾಕ್ಷರತೆಯ ಶಾಲೆ ನಡೆದಾಗ ಕಲಿತದ್ದಂತೆ. ಬರೀ ಮೂರು ಅಕ್ಷರ. ಪಿಂಚಣಿ ತರುವ ಅಂಚೆಯವನು ಶಾಯಿಯ ಡಬ್ಬಿ ಮುಂದೆ ಹಿಡಿದರೆ ಮುದುಕಿ ಜಗಳಕ್ಕೇ ಬರುತ್ತಿದ್ದಳು. ಹಿಂದಿನವರನ್ನೆಲ್ಲ ಕಾಯಿಸಿ, ಮೂರು ಅಕ್ಷರಕ್ಕೆ ಮೂರು ನಿಮಿಷ ತೆಗೆದುಕೊಂಡು, ಸಹಿ ಹಾಕಿಯೇ ಏಳುತ್ತಿದ್ದಳು. ಅಂಥವಳು ಪಟ್ಟಣ ಪಂಚಾಯತಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆಯೇ?

ಆ ಮುದುಕಿ ಈಗ ಇಲ್ಲ. ಆರು ದಿನಗಳ ಹಿಂದೆ, ಮಟಮಟ ಮಧ್ಯಾಹ್ನ, ಬೀಟೆಕೊಪ್ಪದ ಕುಂಬಾರ ಓಣಿಯಲ್ಲಿದ್ದ ಸಾಗರ ಶೇಟನ, ಬಣ್ಣಕ್ಕೆ ಬೆರೆಸುವ ಥಿನ್ನರಿನ ಗೋದಾಮು ಹೊತ್ತಿಕೊಂಡಿತ್ತು. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಊಟ ಮಾಡಿ ಮಲಗಿದ್ದ ಕಾಶೆವ್ವ ಹೊರಗೆ ಬರಲೇ ಇಲ್ಲ. ಮನೆ ಸುಟ್ಟು ಕರಕಲಾದ ಮೇಲೆ ದುರ್ಗವ್ವನ ಸಂಸಾರವೆಲ್ಲ ಎದುರು ಮನೆಯ ಶರೀಫಾಳ ಪಡಸಾಲೆಗೆ ಬಂದು ಬಿದ್ದಿತ್ತು. ಉಳಿದದ್ದು ಈ ಮಸಿ ಹಿಡಿದ ಪಾತ್ರೆಗಳಷ್ಟೆ.

ಗೋದಾಮಿನ ಕಾವಲುಗಾರ ಜುಜೆ ಬೀಡಿ ಸೇದಿ ಕಡ್ಡಿ ಎಸೆದ, ಬೆಂಕಿ ಬಿತ್ತು, ಮುದುಕಿ ಸತ್ತಳು. ಕೇಸು ಇಷ್ಟೇ ಎಂದು ಮೇಲಿನವರು ತೀರ್ಮಾನ ಮಾಡಿಯಾಗಿತ್ತು. ಜುಜೆ ಜೋಯಿಡಾ ಕಡೆಯ ಕಾಡಿನ ಸಿದ್ದಿ ಜನಾಂಗದವನು. ಅವನ ಪರವಾಗಿ ಫೋನು ಮಾಡುವ ಕೌನ್ಸಿಲರು ಇಲ್ಲ, ವಕೀಲರು ಇಲ್ಲ. ಇರುವವಳು ಹೆಂಡತಿ ಸ್ಟೆಲ್ಲಾ ಒಬ್ಬಳೇ. ಅವಳು ನಾಲ್ಕು ದಿನದಿಂದ ಠಾಣೆಯ ಕಟ್ಟೆಯ ಮೇಲೆ ಬುತ್ತಿ ಹಿಡಿದು ಕೂತು, ಅನ್ನಪೂರ್ಣಾ ಹೊರಗೆ ಬಂದಾಗಲೆಲ್ಲ ಇವತ್ತು ಬಿಡುತ್ತೀರಾ ಎಂದು ಒಂದೇ ಮಾತು ಕೇಳುತ್ತಿದ್ದಳು. ಅದೇ ಮಾತನ್ನು ದಿನಕ್ಕೆ ಐದು ಸಲ ಕೇಳಿ ಕೇಳಿ ಅನ್ನಪೂರ್ಣಾಳಿಗೆ ಊಟ ಸೇರುತ್ತಿರಲಿಲ್ಲ.

ಈ ದಿನ ಪೊಲೀಸ್ ಕಸ್ಟಡಿ ಮುಗಿಯುತ್ತಿತ್ತು. ಹನ್ನೆರಡಕ್ಕೆ ಜುಜೆಯನ್ನು ಹಳಿಯಾಳದ ಕೋರ್ಟಿನಲ್ಲಿ ನಿಲ್ಲಿಸಬೇಕು. ಅಷ್ಟರಲ್ಲಿ ಏನಾದರೂ ಸಿಕ್ಕರೆ ಅವನು ಮನೆಗೆ, ಇಲ್ಲದಿದ್ದರೆ ಕಾರವಾರದ ಜೈಲಿಗೆ.

ಸಿಗಬೇಕಾದದ್ದು ಪಂಚಾಯತಿಯ ಫೈಲಿನಲ್ಲಿತ್ತು. ಕುಂಬಾರ ಓಣಿ ಊರಿನ ವಲಯ ನಕಾಶೆಯಲ್ಲಿ ಹಳದಿ ಬಣ್ಣದ್ದು, ಅಂದರೆ ಮನೆಗಳಿಗೆ ಮಾತ್ರ. ಅಲ್ಲಿ ಹಪ್ಪಳದ ಅಂಗಡಿ ಹಾಕಬೇಕಾದರೂ ಹತ್ತು ಸಲ ಪಂಚಾಯತಿಗೆ ಎಡತಾಕಬೇಕು. ಅಂಥ ಓಣಿಯ ನಟ್ಟನಡುವೆ ಒಂದು ಪ್ಲಾಟು ಮಾತ್ರ ನೀಲಿಯಾಗಿ, ವಾಣಿಜ್ಯ ವಲಯವಾಗಿ, ಅಲ್ಲಿ ಥಿನ್ನರಿನ ಬ್ಯಾರೆಲ್ಲುಗಳು ಬಂದು ಕೂತವು. ನೀಲಿ ಮಾಡುವ ಮೊದಲು ಓಣಿಯಲ್ಲಿ ನೋಟೀಸು ಅಂಟಿಸಬೇಕು, ಜನರಿಗೆ ಓದಿ ಹೇಳಬೇಕು, ತಕರಾರಿಗೆ ಕಾಯಬೇಕು. ಅದೆಲ್ಲ ಆಗಿದೆ ಎಂಬುದಕ್ಕೆ ಪಂಚನಾಮೆ ಇತ್ತು. ಅದರ ಕೆಳಗೆ ಪಕ್ಕದ ಮನೆಯ ಕಾಶೆವ್ವನ ಹೆಬ್ಬೆಟ್ಟೂ ಇತ್ತು.

ಫೈಲು ಸರಿ ಇದ್ದರೆ ಗೋದಾಮು ಕಾನೂನುಬದ್ಧ, ತಪ್ಪೆಲ್ಲ ಕಾವಲುಗಾರನ ತಲೆಗೆ. ಫೈಲು ಸುಳ್ಳಾದರೆ, ಮನೆಗಳ ನಡುವೆ ಬೆಂಕಿಯ ಬ್ಯಾರೆಲ್ಲು ತಂದಿಟ್ಟವರೂ ಇಡಲು ಬಿಟ್ಟವರೂ ಕಾಶೆವ್ವನ ಸಾವಿಗೆ ಉತ್ತರ ಹೇಳಬೇಕು. ನಾಲ್ಕು ದಿನದಿಂದ ಅನ್ನಪೂರ್ಣಾ ಗುದ್ದಾಡುತ್ತಿದ್ದದ್ದು ಇದೊಂದಕ್ಕೇ.

"ಇದು ಯಾವತ್ತಿನ ಕಾಗದಾರಿ?" ದುರ್ಗವ್ವ ಕೇಳಿದಳು.

ಅನ್ನಪೂರ್ಣಾ ಓದಿ ಹೇಳಿದಳು. ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ನೆರೆದ ಓಣಿಯ ಜನರ ಸಮಕ್ಷಮ ನೋಟೀಸನ್ನು ಓದಿ ತಿಳಿಸಲಾಗಿ, ಯಾರದೂ ತಕರಾರು ಇರುವುದಿಲ್ಲ.

ದುರ್ಗವ್ವ ನಕ್ಕುಬಿಟ್ಟಳು. ಅತ್ತೆ ಸತ್ತ ಆರು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲಿರಬೇಕು, ಯಾಕೆಂದರೆ ಒಳಗಿನಿಂದ ಶರೀಫಾ ಗಾಬರಿಯಾಗಿ ಓಡಿ ಬಂದಳು. ದುರ್ಗವ್ವ ಅವಳಿಗೆ ತಾರೀಖು ಹೇಳಿದಳು. ಶರೀಫಾಳೂ ಬಾಯಿಗೆ ಸೆರಗು ಹಿಡಿದಳು.

"ಅವತ್ತ ಊರಾಗ ಮಂದಿ ಎಲ್ಲಿದ್ರು ಮೇಡಮ್ಮಾರ? ಹೊರಬೀಡ ಇತ್ತು. ಒಂದ ನಾಯಿ ಸೈತ ಇರಲಿಲ್ಲ."

ಹೊರಬೀಡು ಎಂಬ ಮಾತನ್ನು ಅನ್ನಪೂರ್ಣಾ ಕೇಳಿದ್ದಳು, ಕಂಡಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ದಾಂಡೇಲಿಯ ಅಂಬೇವಾಡಿಯಲ್ಲಿ. ಧಾರವಾಡದ ಕಡೆಯಿಂದ ಕಾಗದದ ಕಾರ್ಖಾನೆಗೆ ಬಂದ ಅಪ್ಪನ ಮನೆಯಲ್ಲಿ ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು ಬಿಟ್ಟು ಬೇರೆ ಕಟ್ಟಳೆ ಇರಲಿಲ್ಲ. ಬೀಟೆಕೊಪ್ಪಕ್ಕೆ ವರ್ಗವಾಗಿ ಬಂದದ್ದು ಜೂನ್‌ನಲ್ಲಿ.

ಹೆಂಗಸರಿಬ್ಬರೂ ಒಬ್ಬರ ಮಾತನ್ನು ಒಬ್ಬರು ಕಸಿದುಕೊಂಡು ತಿಳಿಸಿದರು. ಗ್ರಾಮದೇವಿಯ ಜಾತ್ರೆ ಬಂದ ವರ್ಷ ನಾಲ್ಕು ಮಂಗಳವಾರ ಊರಿಗೆ ಊರೇ ಹೊರಗೆ ಹೋಗಬೇಕು. ಹೊತ್ತು ಹುಟ್ಟುವ ಮೊದಲೇ ಮನೆಗೆ ಕೀಲಿ. ದನ, ಕೋಳಿ, ಬೆಕ್ಕು, ಹಾಸಿಗೆ ಹಿಡಿದ ಮುದುಕರು ಎಲ್ಲರೂ ಊರ ಗಡಿಯ ಆಚೆ. ಜಾತಿ ಇಲ್ಲ, ಧರ್ಮ ಇಲ್ಲ. ಗಡಿಯಾಚೆಯ ಮಾವಿನ ತೋಪಿನಲ್ಲಿ ಒಲೆ ಹೂಡಿ, ಉಂಡು, ದೀಪ ಹಚ್ಚುವ ಹೊತ್ತಿಗೆ ಒಳಗೆ ಬರಬೇಕು. ಅವತ್ತು ಶರೀಫಾಳ ಒಲೆ ಕಾಶೆವ್ವನ ಒಲೆಯ ಪಕ್ಕದಲ್ಲೇ ಇತ್ತಂತೆ. ಮುದುಕಿ ಬಿಸಿಲಿಗೆ ಸುಸ್ತಾಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳಂತೆ.

ಅಲ್ಲಿಗೆ, ಖಾಲಿ ಊರಿನಲ್ಲಿ ನೆರೆದ ಜನ, ತೋಪಿನಲ್ಲಿ ಮಲಗಿದ್ದ ಮುದುಕಿಯ ಹೆಬ್ಬೆಟ್ಟು. ನಾಲ್ಕು ದಿನ ಇದೇ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದ್ದ ಅನ್ನಪೂರ್ಣಾಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು.

* * *

ಠಾಣೆಗೆ ಬಂದಾಗ ಹತ್ತು ಗಂಟೆ. ಹೆಡ್ ಕಾನ್‌ಸ್ಟೇಬಲ್ ಬಸಲಿಂಗಯ್ಯ ಚಹಾ ಕುಡಿಯುತ್ತಿದ್ದ. ಐವತ್ತು ದಾಟಿದ, ಮೆತ್ತಗಿನ ಮಾತಿನ, ಬೀಟೆಕೊಪ್ಪದಲ್ಲೇ ಹುಟ್ಟಿದ ಮನುಷ್ಯ. ಅನ್ನಪೂರ್ಣಾ ಬಂದ ದಿನದಿಂದ ಅವಳಿಗೆ ಊರು ತೋರಿಸಿದವನು, ಯಾರು ಯಾರ ಸಂಬಂಧ ಎಂದು ಹೇಳಿಕೊಟ್ಟವನು, ಮನೆಯಿಂದ ಶೇಂಗಾ ಚಟ್ನಿ ತಂದುಕೊಟ್ಟವನು ಅವನೇ.

ಅವಳು ಪಂಚನಾಮೆಯನ್ನು ಅವನ ಮುಂದೆ ಮೇಜಿನ ಮೇಲೆ ಹಾಕಿ, ಈ ಊರಿನವರಾಗಿ ನಿಮಗೆ ಆ ಮಂಗಳವಾರ ನೆನಪಾಗಲಿಲ್ಲವೇ ಎಂದು ತರಾಟೆಗೆ ತೆಗೆದುಕೊಂಡಳು. ಬಸಲಿಂಗಯ್ಯ ಕನ್ನಡಕ ಹಾಕಿಕೊಂಡು ತಾರೀಖು ನೋಡಿ, ನಾಲಿಗೆ ಕಚ್ಚಿಕೊಂಡ. ತಲೆಗೇ ಹೊಳೆಯಲಿಲ್ಲ, ವಯಸ್ಸಾಯಿತು ಎಂದ. ಕನ್ನಡಕ ಎಲ್ಲಿಟ್ಟೆ ಎಂದು ದಿನಕ್ಕೆ ಮೂರು ಸಲ ಹುಡುಕುವ ಮನುಷ್ಯನ ಮೇಲೆ ಎಷ್ಟು ಸಿಟ್ಟು ಮಾಡುವುದು? ಅವಳು ಅಲ್ಲಿಗೇ ಬಿಟ್ಟಳು.

ಮೇಲಿನ ಡಿವೈಎಸ್‌ಪಿ ಸಾಹೇಬರಿಗೆ ಫೋನು ಮಾಡಿದರೆ ಅವರು ಪೂರ್ತಿ ಕೇಳಲೇ ಇಲ್ಲ. ಬೆಂಕಿ ಬಿದ್ದದ್ದು ಗೋದಾಮಿಗೋ ನಕಾಶೆಗೋ ಎಂದು ಕೇಳಿದರು. ವಲಯ, ನೋಟೀಸು, ಪಂಚನಾಮೆ ಇವೆಲ್ಲ ಪಂಚಾಯತಿಯವರ ಗೋಳು, ನಮಗ್ಯಾಕೆ ಎಂದರು. ಅನ್ನಪೂರ್ಣಾ ಹಲ್ಲು ಕಚ್ಚಿ ಹೂಂಗುಟ್ಟಿದಳು. ಫೋನು ಇಟ್ಟ ಮೇಲೆ ಮಾತ್ರ, ಇವರ ಮನೆಯವರ ಮೇಲೆ ಹೊತ್ತಿ ಬಿದ್ದಿದ್ದರೆ ಗೊತ್ತಾಗುತ್ತಿತ್ತು ಎಂದು ಗೋಡೆಗೆ ಹೇಳಿದಳು.

ಕೋರ್ಟಿಗೆ ಕೊಡುವ ವರದಿಯನ್ನು ತಾನೇ ಕೂತು ಬರೆದಳು. ಜುಜೆಯ ವಿರುದ್ಧ ಸಾಕ್ಷ್ಯ ಇಲ್ಲ, ಬೀಡಿ ಸೇದಿದೆನೆಂದು ಅವನ ಹೆಸರಿಗಿರುವ ಹೇಳಿಕೆ ನಂಬಲು ಬರುವುದಿಲ್ಲ, ಜಾಮೀನಿಗೆ ನಮ್ಮ ತಕರಾರಿಲ್ಲ. ಆ ಬೀಡಿಯ ಹೇಳಿಕೆ ಮೊದಲಿನಿಂದಲೂ ಅವಳ ಗಂಟಲಲ್ಲಿ ಮುಳ್ಳಾಗಿತ್ತು. ಜುಜೆ ಎಲೆ ಅಡಿಕೆ ಹಾಕುವವನು, ಬೀಡಿ ಮುಟ್ಟಿದವನಲ್ಲ.

ಲಾಕಪ್ಪಿನ ಹತ್ತಿರ ಹೋಗಿ ಅವಳೇ ಅವನಿಗೆ ತಿಳಿಸಿದಳು. ಇವತ್ತು ಮನೆಗೆ ಹೋಗುತ್ತೀ, ಇನ್ನು ಚಿಂತೆ ಬೇಡ. ಜುಜೆ ಎದ್ದು ನಿಂತ. ದೊಡ್ಡ ಆಳು, ಮಾತು ಕಡಿಮೆ. ಕಂಬಿ ಹಿಡಿದು, "ಸ್ಟೆಲ್ಲಾಗ ಹೇಳ್ರಿ ಬಾಯಾರ, ಆಕಿ ಮೊದಲಿನ ಬಸ್ಸಿಗಿ ಹಳ್ಯಾಳಕ್ಕ ಹೋಗ್ಯಾಳ," ಎಂದ. ಅವಳು ಅಲ್ಲೇ ನಿಂತು ಸ್ಟೆಲ್ಲಾಳಿಗೆ ಫೋನು ಹಚ್ಚಿ ಹೇಳಿದಳು. ಆ ಕಡೆ ಸ್ಟೆಲ್ಲಾ ಅಳತೊಡಗಿದಾಗ ಜುಜೆ ಮುಖ ತಿರುಗಿಸಿಕೊಂಡ.

ಕೈದಿಯ ಸಂಗಡ ಇಬ್ಬರಾದರೂ ಹೋಗಬೇಕು. ಆದರೆ ಇಬ್ಬರು ಎಲ್ಲಿಂದ ಬರಬೇಕು? ಠಾಣೆಗೆ ಮಂಜೂರಾದವರು ಹದಿನೆಂಟು, ಇರುವವರು ಒಂಬತ್ತು, ಅವರಲ್ಲಿ ಆರು ಜನ ಯಾವನೋ ದೊಡ್ಡ ಮನುಷ್ಯನ ಬಂದೋಬಸ್ತಿಗೆ ಹೋಗಿದ್ದರು. ಬಸಲಿಂಗಯ್ಯ ತಾನೇ ಜೀಪು ಓಡಿಸಿಕೊಂಡು ಕರೆದೊಯ್ಯುತ್ತೇನೆ, ನೀವು ಪಂಚಾಯತಿ ಕೆಲಸ ಮುಗಿಸಿರಿ ಎಂದ. ಇಂಥ ಹೊತ್ತಿನಲ್ಲಿ ಹೊಣೆ ಹೊರುವ ಮನುಷ್ಯ ಒಬ್ಬನಾದರೂ ಇದ್ದಾನಲ್ಲ ಎಂದು ಅನ್ನಪೂರ್ಣಾಳಿಗೆ ಸಮಾಧಾನವಾಯಿತು. ಜೀಪು ಹೊರಟಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

* * *

ಪಂಚಾಯತಿಗೆ ಹೋಗಬೇಕಾದರೆ ಹೊಸ ಸ್ವಾಗತ ಕಮಾನಿನ ಕೆಳಗೇ ಹೋಗಬೇಕು. ಆ ಕಮಾನು ಕಂಡರೆ ಅನ್ನಪೂರ್ಣಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಂಕಿ ನಂದಿಸುವ ಗಾಡಿ ಊರಲ್ಲೇ ಇರಲಿ ಎಂದು ಅದರ ಶೆಡ್ಡಿಗಾಗಿ ಬಜೆಟ್ಟಿನಲ್ಲಿ ತೆಗೆದಿಟ್ಟಿದ್ದ ಹಣವನ್ನು, ಹನ್ನೊಂದು ನಿಮಿಷದ ಸಭೆಯಲ್ಲಿ, ಈ ಕಮಾನಿಗೆ ತಿರುಗಿಸಿದ್ದರು. ಬೆಂಕಿ ಬಿದ್ದ ದಿನ ಹಳಿಯಾಳದಿಂದ ಗಾಡಿ ಹಾರಿ ಬಂದಿತ್ತು. ಬಂದದ್ದು ಕಮಾನಿನ ಕೆಳಗೆ ಹಿಡಿಸಲಿಲ್ಲ. ಮೇಲಿನ ಏಣಿ ತಾಗಿತು. ಹಿಂದೆ ತೆಗೆದು, ಕೆರೆ ದಂಡೆ ಸುತ್ತಿ ಕುಂಬಾರ ಓಣಿ ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಬೀಟೆಕೊಪ್ಪ ನಿಮ್ಮನ್ನು ಸ್ವಾಗತಿಸುತ್ತದೆ ಎಂದು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರೆದಿತ್ತು.

ಮುಖ್ಯಾಧಿಕಾರಿ ಕಾರವಾರದ ಮೀಟಿಂಗಿಗೆ ಹೋಗಿದ್ದರು. ಅವರು ಊರಲ್ಲಿ ಇದ್ದದ್ದನ್ನು ನಾಲ್ಕು ದಿನದಲ್ಲಿ ಅನ್ನಪೂರ್ಣಾ ಕಂಡಿರಲಿಲ್ಲ. ಇದ್ದವನು ಗುಮಾಸ್ತ ಅಡಿವೆಯ್ಯ. ಮುಂಡಗೋಡದ ಮನುಷ್ಯ, ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಹಳದಿ ಪ್ಲಾಟು ನೀಲಿಯಾದ ಫೈಲು ಮೊದಲಿನಿಂದ ಕೊನೆಯವರೆಗೆ ಅವನದೇ ಅಕ್ಷರ. ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ಅವಳು ಒಳಗೆ ಕಾಲಿಟ್ಟೊಡನೆ, ನಿನ್ನೆಯ ಮಾತನ್ನೇ ಹೇಳಿದ.

"ಫೈಲು ಸರಿ ಐತ್ರಿ ಮೇಡಂ."

ಅನ್ನಪೂರ್ಣಾ ಬಾಗಿಲು ಹಾಕಿ ಚಿಲಕ ಏರಿಸಿ, ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು. ಪಂಚನಾಮೆ ಬಿಚ್ಚಿ ತಾರೀಖಿನ ಮೇಲೆ ಬೆರಳಿಟ್ಟು, ಅವತ್ತು ಹೊರಬೀಡು ಇತ್ತು, ಊರು ಖಾಲಿ ಇತ್ತು, ಈ ಪಂಚನಾಮೆಯನ್ನು ನೀವು ಇದೇ ಕುರ್ಚಿಯಲ್ಲಿ ಕೂತು ಬರೆದಿದ್ದೀರಿ ಎಂದಳು. ಇನ್ನು ಮನುಷ್ಯ ಬೆವರುತ್ತಾನೆ, ಕೈಕಾಲು ಹಿಡಿಯುತ್ತಾನೆ ಎಂದು ಕಾದಳು.

ಅಡಿವೆಯ್ಯ ಬಸಿಯ ಚಹಾ ಪೂರ್ತಿ ಕುಡಿದ. ಡ್ರಾವರ್ ತೆಗೆದು ಒಂದು ಫೋಟೋ ಹೊರಗಿಟ್ಟ.

"ಅಂಟಿಸಿಲ್ಲ ಅಂತ ನಿಮಗ ಯಾರ ಹೇಳಿದ್ರು? ಅಂಟಿಸೇವ್ರಿ. ಅಲ್ಲೇ ಹೋಗಿ, ಅದ ಗ್ವಾಡಿಗೆ ಅಂಟಿಸೇವಿ."

ಕುಂಬಾರ ಓಣಿಯ ತಿರುವಿನ ಗೋಡೆ. ಅದರ ಮೇಲೆ ಹಸಿ ಅಂಟಿನ ನೋಟೀಸು. ಒಂದು ತುದಿಯನ್ನು ಒತ್ತಿ ಹಿಡಿದ ಅಡಿವೆಯ್ಯ ಕ್ಯಾಮೆರಾ ನೋಡುತ್ತಿದ್ದ. ಇನ್ನೊಂದು ಬದಿಗೆ ಅಂಟಿನ ಡಬ್ಬಿ ಹಿಡಿದು ಜುಜೆ ನಿಂತಿದ್ದ. ಹಿಂದೆ ಓಣಿಯ ಉದ್ದಕ್ಕೂ ಕೀಲಿ ಹಾಕಿದ ಬಾಗಿಲುಗಳು. ಕೆಳಗೆ ತಾನೇ ಮೂಡಿದ ತಾರೀಖು, ಗಂಟೆ, ಜಾಗದ ಗುರುತು. ಮಾರ್ಚ್ ಹನ್ನೊಂದು, ಹನ್ನೊಂದು ಇಪ್ಪತ್ತು. ಮೊಬೈಲು ಹಾಕಿದ ಅಚ್ಚು.

ಅಡಿವೆಯ್ಯ ಸಾವಕಾಶ ತಿಳಿಸಿ ಹೇಳಿದ. ನಿಯಮದಲ್ಲಿ ನೋಟೀಸು ಅಂಟಿಸಬೇಕು ಎಂದಿದೆ, ಫೋಟೋ ಇರಬೇಕು ಎಂದಿದೆ. ಊರಲ್ಲಿ ಜನ ಇರಬೇಕು ಎಂದು ಎಲ್ಲಿಯೂ ಬರೆದಿಲ್ಲ. ಹೊರಬೀಡು ಸರಕಾರಿ ರಜೆಯ ಪಟ್ಟಿಯಲ್ಲಿಯೂ ಇಲ್ಲ. ಅವರು ದೇವಿಯ ಕಟ್ಟಳೆ ಮಾಡಿದರು, ನಾವು ಪಂಚಾಯತಿ ಕೆಲಸ ಮಾಡಿದೆವು. ಓದಿ ಹೇಳಿದ ಸಾಲು ಏನೋ ರೂಢಿಯ ಮೇಲೆ ಬರೆದದ್ದು, ಎಲ್ಲಾ ಪಂಚನಾಮೆಗೂ ಅದೇ ಸಾಲು.

ಅನ್ನಪೂರ್ಣಾ ಸುಳ್ಳು ಎಂದುಕೊಂಡದ್ದು ಖರೆ ಆಗಿತ್ತು, ಖರೆಯೇ ಹೆಚ್ಚು ಹೊಲಸಾಗಿತ್ತು. ಜನ ನೋಡಬಾರದು ಎಂದೇ, ಜನ ಇಲ್ಲದ ದಿನವನ್ನು ಹುಡುಕಿ, ನಿಯಮದ ಪ್ರಕಾರ ಅಂಟಿಸಿದ್ದಾರೆ. ಯಾವ ಕೋರ್ಟಿಗೆ ಹೋಗಿ ಏನು ಹೇಳುವುದು? ಆ ಕುರ್ಚಿಯನ್ನೇ ಎತ್ತಿ ಬಡಿಯಬೇಕು ಎನ್ನಿಸಿತು. ಅದರ ಬದಲು ಅವಳು ಫೋಟೋವನ್ನು ಮತ್ತೆ ಎತ್ತಿಕೊಂಡಳು.

ನೋಟೀಸು ಹಿಡಿದ ಅಡಿವೆಯ್ಯ. ಡಬ್ಬಿ ಹಿಡಿದ ಜುಜೆ. ಇಬ್ಬರದೂ ಎರಡೂ ಕೈ ಕಾಣುತ್ತಿದ್ದವು.

"ಅಡಿವೆಯ್ಯನವರ, ಇದರಾಗ ನೀವದೀರಿ, ಜುಜೆ ಅದಾನ. ಫೋಟೋ ತಗದಾಂವ ಯಾರು?"

ಅಡಿವೆಯ್ಯ ಡ್ರಾವರ್ ಮುಚ್ಚಿದ.

"ಯಾರೋ ಹಾದಿಗಿ ಹೋಗಾವ್ರು ತಗದ್ರಿ. ಮೊಬೈಲ್ ಕೊಟ್ಟೆ, ತಗದ್ರು."

"ಹೊರಬೀಡದಾಗ ಹಾದಿಗಿ ಹೋಗಾವ್ರು?"

ಅಡಿವೆಯ್ಯ ಖಾಲಿ ಬಸಿಯನ್ನು ಎತ್ತಿದ, ಕೆಳಗಿಟ್ಟ. ಹೊರಗೆ ಯಾರೋ ಮನೆ ಉತಾರಕ್ಕೆಂದು ಬಂದವರು ಬಾಗಿಲು ಬಡಿದರು. ನಾಳೆ ಬರ್ರಿ ಎಂದು ಅವನ ಬದಲು ಅನ್ನಪೂರ್ಣಾಳೇ ಕೂಗಿದಳು.

ಆಮೇಲೆ ಅವಳು ದನಿ ಏರಿಸದೆ ಕಾಶೆವ್ವನ ಮಾತು ತೆಗೆದಳು. ಮುದುಕಿಗೆ ಸಹಿ ಮಾಡಲು ಬರುತ್ತಿತ್ತು ಎಂದಳು. ಮೂರು ಅಕ್ಷರಕ್ಕೆ ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದಳು ಎಂದಳು. ಈ ಹೆಬ್ಬೆಟ್ಟು ಯಾರದು ಎಂದು ಲ್ಯಾಬಿನವರು ಇವತ್ತಲ್ಲ ನಾಳೆ ಹೇಳಿಯೇ ಹೇಳುತ್ತಾರೆ, ನೋಟೀಸು ಅಂಟಿಸಿದ್ದು ಕಾನೂನಾದರೂ ಸತ್ತವಳ ಹೆಸರಿಗೆ ಇನ್ನೊಬ್ಬರ ಹೆಬ್ಬೆಟ್ಟು ಒತ್ತಿಸಿದ್ದು ಯಾವ ನಿಯಮದಲ್ಲಿಯೂ ಇಲ್ಲ ಎಂದಳು. ಶೇಟ ವಕೀಲರನ್ನು ಇಟ್ಟುಕೊಳ್ಳುತ್ತಾನೆ, ಸಾಹೇಬರು ವರ್ಗ ಮಾಡಿಸಿಕೊಳ್ಳುತ್ತಾರೆ, ಫೈಲಿನ ತುಂಬ ಇರುವ ಅಕ್ಷರ ಮಾತ್ರ ನಿಮ್ಮದು ಎಂದಳು.

ಅಡಿವೆಯ್ಯ ಟೋಪಿ ತೆಗೆದು ಮೇಜಿನ ಮೇಲೆ ಇಟ್ಟ. ಒಮ್ಮೆಲೇ ಮುದುಕನಾದ.

"ಆ ಮುದುಕಿ ಕಡೆ ನಾ ಬ್ಯಾಸಿಗ್ಯಾಗ ನೀರಿನ ಗಡಿಗಿ ತಗೋತಿದ್ನಿರಿ. ಹಿಂಗ ಸುಟ್ಟು ಸಾಯ್ತಾಳ ಅಂತ ನಾ ಕನಸ ಕಂಡಿದ್ನೇನ್ರಿ? ಬರೇ ಗೋದಾಮು ಅಂದ್ರು. ಏನ ಇಡ್ತೀರಿ ಅಂತ ನಾನೂ ಕೇಳಲಿಲ್ಲ."

ಕೇಳಬೇಕಿತ್ತು ಎಂಬುದು ಅವನ ಮುಖದಲ್ಲೇ ಇತ್ತು.

ಉಳಿದದ್ದು ತಾನಾಗಿ ಬಂತು. ಮಂಗಳವಾರ ಎಂದು ಹೇಳಿದ್ದು ಸಾಗರ ಶೇಟ. ಮುಂಡಗೋಡದಲ್ಲೂ ಹೊರಬೀಡು ನೋಡಿ ಬೆಳೆದ ಅಡಿವೆಯ್ಯನಿಗೆ ಅದರ ಅರ್ಥ ಆ ಕ್ಷಣವೇ ಆಗಿತ್ತು, ಬೇಡ ಎನ್ನುವ ಧೈರ್ಯ ಬರಲಿಲ್ಲ. ಆ ದಿನ ಊರಿನ ಎರಡೂ ದಾರಿಗೆ ಹಗ್ಗ ಕಟ್ಟಿರುತ್ತಾರೆ. ಪಂಚಾಯತಿ ಅಧ್ಯಕ್ಷರೇ ಬಂದರೂ ಒಳಗೆ ಬಿಡುವುದಿಲ್ಲ. ಜುಜೆ ಬೇರೆ ಊರಿನವನು, ಕಟ್ಟಳೆ ಗೊತ್ತಿಲ್ಲದವನು, ಹಿಂದಿನ ವಾರವಷ್ಟೇ ಪ್ಲಾಟಿನ ಕಾವಲಿಗೆ ಬಂದಿದ್ದ. ಅವನನ್ನು ಒಳಗೇ ಇರಿಸಿಕೊಂಡಿದ್ದರು. ಅಂಟಿಸಿ, ಫೋಟೋ ತೆಗೆದು, ಐದು ನಿಮಿಷದಲ್ಲಿ ನೋಟೀಸು ಕಿತ್ತರು. ಗೋಡೆಯನ್ನು ನೀರು ಹಾಕಿ ತೊಳೆದದ್ದು ಜುಜೆ. ಹೆಬ್ಬೆಟ್ಟೂ ಅವನದೇ. ಓದು ಬರದವನಿಗೆ ಅದು ಸಂಬಳದ ಕಾಗದ ಎಂದಿದ್ದರು.

ಅಂಟಿಸಿದ್ದನ್ನೂ ಕಿತ್ತದ್ದನ್ನೂ ಕಣ್ಣಾರೆ ಕಂಡು, ಶೇಟನ ಸಂಚಿನಲ್ಲಿ ಸೇರದವನು ಜುಜೆ ಒಬ್ಬನೇ. ಅವನು ಬಾಯಿ ಬಿಟ್ಟರೆ ಫೈಲು ಪೂರ್ತಿ ಬಿದ್ದುಹೋಗುತ್ತದೆ. ಅಂಥವ ನಾಲ್ಕು ದಿನ ಅನ್ನಪೂರ್ಣಾಳ ಲಾಕಪ್ಪಿನಲ್ಲೇ ಇದ್ದ. ಬೆಂಕಿ ಬಿದ್ದ ದಿನದ್ದನ್ನು ನೂರು ಸಲ ಕೇಳಿದ್ದಳು. ಮಾರ್ಚಿನ ಮಂಗಳವಾರದ ಮಾತನ್ನು ಒಮ್ಮೆಯೂ ಕೇಳಿರಲಿಲ್ಲ.

"ಹಗ್ಗ ಎತ್ತಿ ನಿಮ್ಮನ್ನ ಒಳಗ ಬಿಟ್ಟಾವ್ರು ಯಾರು?"

ಅಡಿವೆಯ್ಯ ಅವಳನ್ನು ನೋಡಿದ ರೀತಿ ಅವಳಿಗೆ ಸರಿ ಕಾಣಲಿಲ್ಲ. ಅವಳ ಮೇಲೆ ಕನಿಕರ ಪಟ್ಟಂತಿತ್ತು.

"ಊರ ಖಾಲಿ ಇದ್ದಾಗ ಮನಿ ಕಾಯಾಕ ಪೊಲೀಸ್ ಬಂದೋಬಸ್ತ ಇರ್ತೈತಲ್ರಿ ಮೇಡಂ. ಒಳಗ ಇರಾಕ ಪರವಾನಗಿ ಅವರೊಬ್ಬರಿಗೇ. ಹಗ್ಗ ಎತ್ತಿದಾವ್ರು ಅವರ, ಫೋಟೋ ತಗದಾವ್ರು ಅವರ, ಜುಜೆ ಕೈ ಹಿಡದು ಒತ್ತಿಸಿದಾವ್ರೂ ಅವರ. ನಿಮ್ಮ ಬಸಲಿಂಗಯ್ಯನವರು."

ಮೇಲೆ ತಿರುಗುತ್ತಿದ್ದ ಫ್ಯಾನು ಕಟಕಟ ಎನ್ನುತ್ತಲೇ ಇತ್ತು. ಅನ್ನಪೂರ್ಣಾಳಿಗೆ ಬೇರೆ ಏನೂ ಕೇಳಿಸಲಿಲ್ಲ.

ಬೆಂಕಿ ಬಿದ್ದ ಮರುದಿನ ಜುಜೆಯನ್ನು ಹಿಡಿದು ತಂದವನು ಬಸಲಿಂಗಯ್ಯ. ಬೀಡಿಯ ಹೇಳಿಕೆ ಬರೆದುಕೊಂಡವನು ಬಸಲಿಂಗಯ್ಯ. ಜುಜೆಗೆ ಊಟ ಕೊಡುವ ನೆವದಲ್ಲಿ ಲಾಕಪ್ಪಿನ ಮುಂದೆ ಕೂತು, ಯಾರಾದರೂ ಮಾತಾಡಿಸಿದರೆ ತಾನೇ ಉತ್ತರ ಕೊಡುತ್ತಿದ್ದವನು ಬಸಲಿಂಗಯ್ಯ. ಎರಡೂವರೆ ತಾಸಿನ ಹಿಂದೆ ಅವಳೇ ಹೋಗಿ ಹೊರಬೀಡಿನ ಗುಟ್ಟು ಗೊತ್ತಾಯಿತು ಎಂದು ಅವನೆದುರು ಹೇಳಿದ್ದಳು. ಹೇಳಿ, ಕೀಲಿಕೈ ಕೊಟ್ಟು, ಜುಜೆಯನ್ನು ಅವನೊಬ್ಬನ ಕೈಗೇ ಒಪ್ಪಿಸಿದ್ದಳು.

ಅವಳು ಅಲ್ಲೇ ನಿಂತು ಬಸಲಿಂಗಯ್ಯನಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಇನ್ನೊಮ್ಮೆ ಹಚ್ಚಿದಳು. ಸ್ವಿಚ್ ಆಫ್. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ ದಾಟಿತ್ತು. ಹಳಿಯಾಳಕ್ಕೆ ಮುಕ್ಕಾಲು ತಾಸಿನ ದಾರಿ, ನಡುವೆ ಹತ್ತು ಕಿಲೋಮೀಟರು ಬರೀ ಸಾಗವಾನಿಯ ಕಾಡು.

ಅಡಿವೆಯ್ಯನಿಗೆ ಕುರ್ಚಿ ಬಿಟ್ಟು ಏಳಬಾರದು ಎಂದು ಹೇಳಿ, ಫೋಟೋವನ್ನು ಅಂಗಿಯ ಜೇಬಿಗೆ ತುರುಕಿ, ಅವಳು ಬಾಗಿಲ ಚಿಲಕ ತೆಗೆಯುತ್ತಿದ್ದಳು. ಆಗ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಸ್ಟೆಲ್ಲಾ.

"ಬಾಯಾರ, ಬಸಲಿಂಗಯ್ಯ ಸಾಹೇಬ್ರು ಬಂದ್ರು." ಸ್ಟೆಲ್ಲಾ ಅಳುತ್ತಿರಲಿಲ್ಲ. ಒಂದೊಂದೇ ಮಾತನ್ನು ಜೋಡಿಸಿಕೊಂಡು ಹೇಳುತ್ತಿದ್ದಳು. "ಒಬ್ಬರ ಬಂದಾರ."

ಜುಜೆ ಎಲ್ಲಿ ಎಂದು ಅನ್ನಪೂರ್ಣಾ ಕೇಳಿದಳು.

"ನೀರ ಕುಡ್ಯಾಕ ಅಡವ್ಯಾಗ ಇಳಿಸಿದ್ರಂತ. ತಪ್ಪಿಸಿಕೊಂಡು ಓಡಿ ಹೋದ ಅಂತ ಇಲ್ಲಿ ಬರದು ಕೊಡಾಕತ್ತಾರ್ರಿ." ಆ ಕಡೆ ಕೋರ್ಟಿನ ಅಂಗಳದ ಗದ್ದಲ, ಯಾರೋ ಯಾರದೋ ಹೆಸರು ಕೂಗುವುದು, ಸ್ಟೆಲ್ಲಾಳ ಉಸಿರು. "ಇವತ್ತ ಮನಿಗಿ ಬಿಡ್ತಾರಂತ ಅವನ ಮುಂದ ನಿಂತ ನೀವ ಫೋನ್ ಮಾಡಿ ಹೇಳಿದ್ರಿ. ಮನಿಗಿ ಹೊಂಟಾಂವ ಯಾಕ ಓಡ್ತಾನ್ರಿ ಬಾಯಾರ?"